ಗಡಿ, ಮಾರಿ ಮತ್ತು ನೆರೆಹೊರೆ: ಸ್ಥಳೀಯ ಸಂಸ್ಥೆಗಳ ನಡುವೆ ಆರೋಗ್ಯ ಸೇವೆಯ ಹಂಚಿಕೆ

೧

ಮಾರಿಯನ್ನು ಗಡಿ ದಾಟಿಸುವ ಆಚರಣೆಯು ಕರ್ನಾಟಕದ ಗ್ರಾಮೀಣ ಬದುಕಿನಲ್ಲಿ ಹಲವು ರೂಪಗಳಲ್ಲಿ ಕಂಡುಬರುತ್ತದೆ. ರೋಗರುಜಿನಗಳ ಕಾಲದಲ್ಲಿ ಮಾರಿಯ ಮೂರ್ತಿಯನ್ನೋ ಅದರ ಪ್ರತೀಕವಾದ ವಸ್ತುಗಳನ್ನೋ ಮೆರವಣಿಗೆಯಲ್ಲಿ ಒಯ್ದು ಊರಿನ ಎಲ್ಲೆಯಾಚೆ ಬಿಟ್ಟುಬರುವುದು ಇದರ ಮುಖ್ಯ ಅಂಗ. ಎಲ್ಲೆಯಾಚೆಗೂ ಒಂದು ಊರಿರುತ್ತದೆ. ಆ ಊರಿನವರು ತಮ್ಮ ಸರದಿಯಲ್ಲಿ ಅದನ್ನು ಮುಂದಿನ ಎಲ್ಲೆಗೆ ಸಾಗಿಸುತ್ತಾರೆ. ಈ ಆಚರಣೆಯನ್ನು ಸಮುದಾಯದ ಶುದ್ಧೀಕರಣವೆಂದು ವಿವೇಚಿಸುವುದು ವಾಡಿಕೆ. ಆದರೆ ಇದರೊಳಗೆ ಆಡಳಿತಕ್ಕೆ ಸಂಬಂಧಿಸಿದ ಪ್ರಶ್ನೆಯೊಂದು ಅಡಗಿದೆ: ರೋಗವು ಎಲ್ಲೆ ದಾಟಿದಾಗ ಅದರ ಹೊಣೆ ಯಾರದು?

ಸೆಪ್ಟೆಂಬರ್ ೨೦೨೫ರಲ್ಲಿ ಬೆಂಗಳೂರು ನಗರವು ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂಬ ಐದು ಪಾಲಿಕೆಗಳಾಗಿ ವಿಂಗಡಣೆಗೊಂಡ ಮೇಲೆ ಈ ಪ್ರಶ್ನೆಗೆ ಹೊಸ ಮಹತ್ವ ಬಂದಿದೆ. ಇದೇ ನಗರವು ಹಿಂದೊಮ್ಮೆ ಎರಡು ಸ್ಥಳೀಯ ಆಡಳಿತಗಳ ನಡುವೆ ಹಂಚಿಹೋಗಿದ್ದ ಕಾಲದಲ್ಲಿ ಮಹಾಮಾರಿಯನ್ನು ಎದುರಿಸಿತ್ತು. ಆ ಅನುಭವದ ಹಿನ್ನೆಲೆಯಲ್ಲಿ, ನೆರೆಹೊರೆಯ ಸ್ಥಳೀಯ ಸಂಸ್ಥೆಗಳು ಆರೋಗ್ಯ ಸೇವೆಯನ್ನು ಹಂಚಿಕೊಳ್ಳುವುದೆಂದರೇನು ಎಂಬುದನ್ನು ಪ್ರಸ್ತುತ ಲೇಖನದಲ್ಲಿ ವಿವರಿಸಲು ಪ್ರಯತ್ನಿಸಲಾಗಿದೆ.

೨

ಬೆಂಗಳೂರಿನ ಹಳೆಯ ಜನರ ಮಾತಿನಲ್ಲಿ ‘ಪೇಟೆ’ ಮತ್ತು ‘ದಂಡು’ ಎಂಬ ಎರಡು ಪದಗಳು ಎರಡು ಲೋಕಗಳನ್ನೇ ಸೂಚಿಸುತ್ತಿದ್ದವು. ಕೆಂಪೇಗೌಡರ ಕಾಲದಿಂದ ಬೆಳೆದುಬಂದ ಪೇಟೆ ಒಂದು ಕಡೆ. ೧೮೦೯ರಲ್ಲಿ ಬ್ರಿಟಿಷ್ ಸೈನ್ಯಕ್ಕಾಗಿ ನೆಲೆಗೊಂಡ ದಂಡು ಪ್ರದೇಶ ಇನ್ನೊಂದು ಕಡೆ. ಇವೆರಡರ ನಡುವೆ ಕಬ್ಬನ್ ಪಾರ್ಕು. ೧೮೬೨ರಲ್ಲಿ ಎರಡಕ್ಕೂ ಪ್ರತ್ಯೇಕವಾದ ಪುರಸಭಾ ಮಂಡಳಿಗಳು ಏರ್ಪಟ್ಟವು. ೧೮೮೧ರಲ್ಲಿ ಮೈಸೂರು ರಾಜ್ಯವು ಒಡೆಯರ ಆಳ್ವಿಕೆಗೆ ಮರಳಿದಾಗಲೂ ದಂಡು ಪ್ರದೇಶ ಬ್ರಿಟಿಷ್ ರೆಸಿಡೆಂಟರ ಅಧೀನದಲ್ಲಿಯೇ ಉಳಿಯಿತು. ಹೀಗಾಗಿ ಪೇಟೆಯ ಆರೋಗ್ಯವು ಮೈಸೂರು ಸರ್ಕಾರದ ಹೊಣೆಯಾದರೆ, ದಂಡಿನ ಆರೋಗ್ಯವು ಬೇರೊಂದು ಆಡಳಿತದ ಹೊಣೆಯಾಯಿತು.

ಗಡಿ ಇಷ್ಟು ಸ್ಪಷ್ಟವಾಗಿದ್ದರೂ ನಿತ್ಯಜೀವನವು ಅದನ್ನು ಲೆಕ್ಕಿಸಲಿಲ್ಲ. ಒಂದೇ ರೈಲುಮಾರ್ಗದಲ್ಲಿ ದಂಡಿಗೊಂದು, ಪೇಟೆಗೊಂದು ನಿಲ್ದಾಣವಿತ್ತು. ಕೆರೆಗಳ ನೀರು ಸಾಲದಾದಾಗ ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ ಅರ್ಕಾವತಿ ನದಿಯ ಹೆಸರಘಟ್ಟದಿಂದ ನೀರು ತರುವ ಯೋಜನೆ ಕೈಗೂಡಿ, ೧೮೯೬ರಿಂದ ಆ ನೀರು ಪೇಟೆ, ದಂಡುಗಳೆರಡಕ್ಕೂ ಹರಿಯಿತು. ಶುದ್ಧ ನೀರಿನ ಪೂರೈಕೆಯು ಸಾರ್ವಜನಿಕ ಆರೋಗ್ಯದ ಬುನಾದಿಯೇ ಆಗಿರುವುದರಿಂದ, ಎರಡು ಆಡಳಿತಗಳು ಒಂದು ಆರೋಗ್ಯ ಸೌಕರ್ಯವನ್ನು ಹಂಚಿಕೊಂಡ ಮಹತ್ವದ ನಿದರ್ಶನವೆಂದು ಇದನ್ನು ಪರಿಗಣಿಸಬಹುದು.

ಎರಡೇ ವರ್ಷಗಳಲ್ಲಿ ಪರೀಕ್ಷೆಯ ಕಾಲ ಬಂದಿತು. ೧೮೯೬ರಲ್ಲಿ ಮುಂಬಯಿಯಲ್ಲಿ ಕಾಣಿಸಿಕೊಂಡ ಪ್ಲೇಗ್ ರೈಲುಮಾರ್ಗವನ್ನು ಅನುಸರಿಸಿ, ಹುಬ್ಬಳ್ಳಿಯ ಮೂಲಕ ಆಗಸ್ಟ್ ೧೮೯೮ರಲ್ಲಿ ಬೆಂಗಳೂರನ್ನು ತಲುಪಿತು. ಮೈಸೂರು ಸರ್ಕಾರವು ವಿ.ಪಿ. ಮಾಧವರಾಯರನ್ನು ಪ್ಲೇಗ್ ಕಮಿಷನರನ್ನಾಗಿ ನೇಮಿಸಿತು. ಆದರೆ ರೆಸಿಡೆಂಟರ ಅಧೀನದಲ್ಲಿದ್ದ ದಂಡು ಪ್ರದೇಶವು ಮೈಸೂರು ಸರ್ಕಾರದ ಆಡಳಿತಕ್ಕೆ ಒಳಪಟ್ಟಿರಲಿಲ್ಲ. ನಗರಕ್ಕೆ ಆರೋಗ್ಯಾಧಿಕಾರಿಯ ನೇಮಕವಾಯಿತು. ನಿವಾರಣಾ ಕಾರ್ಯದ ಸಮನ್ವಯಕ್ಕಾಗಿ ದೂರವಾಣಿ ತಂತಿಗಳನ್ನು ಎಳೆಯಲಾಯಿತು. ಬೆಂಗಳೂರಿನ ದೂರವಾಣಿಯ ಇತಿಹಾಸವು ರೋಗದ ಸುದ್ದಿಯನ್ನು ಬೇಗ ಮುಟ್ಟಿಸುವ ಅಗತ್ಯದೊಂದಿಗೆ ಹೆಣೆದುಕೊಂಡಿರುವುದು ಗಮನಾರ್ಹವಾಗಿದೆ.

ಪ್ಲೇಗಿನ ನಂತರ ಎರಡು ಕಡೆಗಳಲ್ಲಿಯೂ ಬಹುಮಟ್ಟಿಗೆ ಒಂದೇ ಬಗೆಯ ಪರಿಹಾರವು ಬೇರೆಬೇರೆಯಾಗಿ ರೂಪುಗೊಂಡಿತು. ಪೇಟೆಯ ದಟ್ಟಣೆಯನ್ನು ತಗ್ಗಿಸಲು ಬಸವನಗುಡಿ ಮತ್ತು ಮಲ್ಲೇಶ್ವರ ಬಡಾವಣೆಗಳು ಬೆಳೆದವು. ದಂಡಿನ ಕಡೆ ೨೦ನೆಯ ಶತಮಾನದ ಮೊದಲ ದಶಕದಲ್ಲಿ ಫ್ರೇಜರ್ ಟೌನ್ ಬಡಾವಣೆಯ ಕಾರ್ಯ ಆರಂಭವಾಯಿತು. ದಂಡಿನಲ್ಲಿ ಅದಾಗಲೇ ಬೌರಿಂಗ್ ಆಸ್ಪತ್ರೆಯಿತ್ತು. ಪೇಟೆಯ ಮಗ್ಗುಲಲ್ಲಿ ವಿಕ್ಟೋರಿಯಾ ಆಸ್ಪತ್ರೆಯು ೧೯೦೦ರಲ್ಲಿ ಪ್ರಾರಂಭವಾಯಿತು. ಜನಸಾಮಾನ್ಯರು ಮಾತ್ರ ಈ ವಿಭಜನೆಯನ್ನು ಬದಿಗಿರಿಸಿ ‘ಪ್ಲೇಗಮ್ಮ’ನಿಗೆ ಗುಡಿ ಕಟ್ಟಿದರು. ಪರಭಾಷೆಯ ರೋಗನಾಮವೊಂದು ಕನ್ನಡದ ‘ಅಮ್ಮ’ನಾಗಿ ಮಾರ್ಪಟ್ಟಿರುವುದು ಆ ಭಯದ ಆಳವನ್ನು ಸೂಚಿಸುತ್ತದೆ.

೩

ಹೊಣೆ ಯಾರದೆಂಬ ಪ್ರಶ್ನೆ ಇತ್ಯರ್ಥವಾಗದಿದ್ದಾಗ ಒದಗುವ ವಿಪತ್ತಿನ ಸಮರ್ಥ ಚಿತ್ರಣವನ್ನು ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ (೧೯೬೫) ಕಾದಂಬರಿಯಲ್ಲಿ ಕಾಣಬಹುದು. ಶಿವಮೊಗ್ಗೆಯಿಂದ ಜ್ವರ ಹೊತ್ತು ಬಂದ ನಾರಣಪ್ಪ ದೂರ್ವಾಸಪುರದಲ್ಲಿ ಸಾಯುತ್ತಾನೆ. ಅವನ ಶವಸಂಸ್ಕಾರದ ಅಧಿಕಾರ ಯಾರಿಗಿದೆ ಎಂಬ ಪ್ರಶ್ನೆ ಪ್ರಾಣೇಶಾಚಾರ್ಯರ ಗ್ರಂಥಗಳಲ್ಲಿ ಬಗೆಹರಿಯುವುದಿಲ್ಲ. ನೆರೆಯ ಪಾರಿಜಾತಪುರಕ್ಕೆ ಹೋದರೂ ತೀರ್ಮಾನವಾಗುವುದಿಲ್ಲ. ಈ ನಡುವೆ ಇಲಿಗಳು ಸಾಯುತ್ತಲೇ ಇರುತ್ತವೆ. ಕೊನೆಗೆ ಆ ಕಾರ್ಯವನ್ನು ನೆರವೇರಿಸುವವಳು ಅಧಿಕಾರದ ಚರ್ಚೆಯಲ್ಲಿ ಯಾವ ಸ್ಥಾನವೂ ಇಲ್ಲದ ಚಂದ್ರಿ. ಈ ಕೃತಿಯ ಧಾರ್ಮಿಕ ಮತ್ತು ಅಸ್ತಿತ್ವವಾದಿ ನೆಲೆಗಳು ವಿಮರ್ಶೆಯಲ್ಲಿ ಸಾಕಷ್ಟು ಚರ್ಚಿತವಾಗಿವೆ. ಇಲ್ಲಿ ಗಮನಿಸಬೇಕಾದುದು ಇಷ್ಟು: ಅಧಿಕಾರವ್ಯಾಪ್ತಿಯ ಜಿಜ್ಞಾಸೆಗೆ ತಗಲುವ ಕಾಲವೇ ರೋಗಕ್ಕೆ ದೊರೆಯುವ ಅವಕಾಶವಾಗುತ್ತದೆ. ಆದ್ದರಿಂದ ಹೊಣೆಯ ನಿಷ್ಕರ್ಷೆಯು ರೋಗ ಬರುವುದಕ್ಕೆ ಮುಂಚೆಯೇ ಆಗಬೇಕಾಗುತ್ತದೆ.

೪

ಹಾಗಾದರೆ ಹಂಚಿಕೊಳ್ಳಬೇಕಾದುದು ಯಾವುದು? ಇದನ್ನು ನಾಲ್ಕು ಅಂಶಗಳಾಗಿ ವಿಂಗಡಿಸಬಹುದು.

ಮೊದಲನೆಯದು ಸುದ್ದಿ. ಡೆಂಗಿ ಜ್ವರವನ್ನು ನಿದರ್ಶನವಾಗಿ ತೆಗೆದುಕೊಳ್ಳಬಹುದು. ಇದನ್ನು ಹರಡುವ ಈಡಿಸ್ ಸೊಳ್ಳೆ ನಿಂತ ನೀರಿನಲ್ಲಿ ಬೆಳೆದು, ಹೆಚ್ಚಾಗಿ ಹಗಲಿನಲ್ಲಿ ಕಚ್ಚುತ್ತದೆ. ಒಂದು ಪಾಲಿಕೆಯಲ್ಲಿ ಮನೆಯಿದ್ದು ಇನ್ನೊಂದರಲ್ಲಿ ಕಟ್ಟಡದ ಕೆಲಸ ಮಾಡುವ ಕಾರ್ಮಿಕನಿಗೆ ಕೆಲಸದ ಸ್ಥಳದಲ್ಲಿ ಸೋಂಕು ತಗಲಬಹುದು. ಮನೆಯ ವಿಳಾಸವನ್ನಷ್ಟೇ ಬರೆದುಕೊಂಡರೆ ಸಿಬ್ಬಂದಿ ಅವನ ಬೀದಿಯಲ್ಲಿ ಔಷಧ ಸಿಂಪಡಿಸುತ್ತಾರೆ. ಕಟ್ಟಡದ ತೊಟ್ಟಿಯಲ್ಲಿ ಸೊಳ್ಳೆ ಬೆಳೆಯುತ್ತಲೇ ಇರುತ್ತದೆ. ಕೆಲಸದ ಸ್ಥಳದ ಮಾಹಿತಿ ಅದೇ ದಿನ ನೆರೆಯ ಪಾಲಿಕೆಯ ಆರೋಗ್ಯಾಧಿಕಾರಿಗೆ ತಲುಪಿದರೆ ಮಾತ್ರ ಮೂಲವನ್ನು ತಡೆಯಲು ಸಾಧ್ಯ.

ಎರಡನೆಯದು ಪರಿಣತಿ. ಪ್ರಯೋಗಾಲಯ, ಕೀಟಶಾಸ್ತ್ರಜ್ಞರು, ಸಾಂಕ್ರಾಮಿಕ ರೋಗತಜ್ಞರು ಪ್ರತಿಯೊಂದು ಸಂಸ್ಥೆಗೂ ಪ್ರತ್ಯೇಕವಾಗಿ ದೊರೆಯುವುದು ಕಷ್ಟ. ಸಣ್ಣ ಪುರಸಭೆಗಳ ಮಟ್ಟಿಗಂತೂ ಇದು ಅಸಾಧ್ಯವೇ ಸರಿ.

ಮೂರನೆಯದು ಹಾಸಿಗೆ ಮತ್ತು ವಾಹನ. ರೋಗಿಯು ಹತ್ತಿರದ ಆಸ್ಪತ್ರೆಗೆ ಹೋಗುತ್ತಾನೆಯೇ ಹೊರತು ತನ್ನ ವಾರ್ಡಿನ ಆಸ್ಪತ್ರೆಯನ್ನು ಹುಡುಕುವುದಿಲ್ಲ.

ನಾಲ್ಕನೆಯದು ವೆಚ್ಚ. ಹಂಚಿಕೆಯ ವ್ಯವಸ್ಥೆ ಬಹಳಮಟ್ಟಿಗೆ ಎಡವುವುದು ಇಲ್ಲಿಯೇ. ನೆರೆಯ ರೋಗಿಗಳ ಭಾರವನ್ನು ಹೊರುವ ಸಂಸ್ಥೆಗೆ ಅದರ ಪಾಲು ಸಂದಾಯವಾಗದಿದ್ದರೆ, ಆರಂಭದ ಔದಾರ್ಯವು ಕ್ರಮೇಣ ಅಸಮಾಧಾನವಾಗಿ ಪರಿಣಮಿಸುತ್ತದೆ. ಜನಸಂಖ್ಯೆಗೆ ಅನುಗುಣವಾಗಿಯೋ, ಸೇವೆಯ ಬಳಕೆಗೆ ಅನುಗುಣವಾಗಿಯೋ ಪಾಲನ್ನು ಮೊದಲೇ ಬರೆದಿಡುವುದು ಆವಶ್ಯಕ. ಜನಸಂಖ್ಯೆಯ ಲೆಕ್ಕ ಸರಳವಾದುದು. ಬಳಕೆಯ ಲೆಕ್ಕ ಹೆಚ್ಚು ನ್ಯಾಯಸಮ್ಮತವಾದರೂ ನಿಖರವಾದ ದಾಖಲೆಗಳನ್ನು ಬೇಡುತ್ತದೆ.

ಸಂವಿಧಾನದ ೭೪ನೆಯ ತಿದ್ದುಪಡಿಯಿಂದ ಸೇರ್ಪಡೆಯಾಗಿ ೧೯೯೩ರಲ್ಲಿ ಜಾರಿಗೆ ಬಂದ ೧೨ನೆಯ ಅನುಸೂಚಿಯಲ್ಲಿ ಸಾರ್ವಜನಿಕ ಆರೋಗ್ಯವು ನಗರ ಸ್ಥಳೀಯ ಸಂಸ್ಥೆಗಳಿಗೆ ವಹಿಸಬಹುದಾದ ವಿಷಯಗಳಲ್ಲಿ ಒಂದಾಗಿದೆ. ಮಹಾನಗರ ಯೋಜನಾ ಸಮಿತಿಗೆ ಸಂಬಂಧಿಸಿದ ೨೪೩–ಜಡ್‌ಇ ವಿಧಿಯು ನೆರೆಹೊರೆಯ ಸಂಸ್ಥೆಗಳ ನಡುವಿನ ನೀರು ಮತ್ತಿತರ ಭೌತಿಕ, ನೈಸರ್ಗಿಕ ಸಂಪನ್ಮೂಲಗಳ ಹಂಚಿಕೆಯನ್ನು ಉಲ್ಲೇಖಿಸುತ್ತದೆ. ಆರೋಗ್ಯದ ಹೆಸರು ಅಲ್ಲಿ ಬರುವುದಿಲ್ಲ. ನೀರನ್ನು ಹಂಚಿಕೊಳ್ಳಬೇಕೆಂಬುದು ನಮಗೆ ಸಹಜವಾಗಿ ತೋರುತ್ತದೆ. ರೋಗದ ಸುದ್ದಿಯೂ ಹಾಗೆಯೇ ಹಂಚಿಕೊಳ್ಳಬೇಕಾದ ವಸ್ತುವೆಂಬ ಅರಿವು ಇನ್ನೂ ಅಷ್ಟು ಗಟ್ಟಿಯಾಗಿಲ್ಲ.

೫

ಪೇಟೆ ಮತ್ತು ದಂಡುಗಳ ಸಮಸ್ಯೆಗೆ ಇತಿಹಾಸವು ಕಂಡುಕೊಂಡ ಉತ್ತರ ವಿಲೀನ. ೧೯೪೭ರಲ್ಲಿ ದಂಡು ಪ್ರದೇಶವು ಮೈಸೂರಿಗೆ ಮರಳಿತು. ೧೯೪೯ರ ಕಾಯಿದೆಯ ಮೂಲಕ ಎರಡೂ ಸೇರಿ ಒಂದು ನಗರಪಾಲಿಕೆಯಾಯಿತು. ೨೦೦೭ರಲ್ಲಿ ಸುತ್ತಲಿನ ಏಳು ನಗರಸಭೆಗಳೂ ಒಂದು ಪುರಸಭೆಯೂ ನೂರಕ್ಕೂ ಹೆಚ್ಚು ಗ್ರಾಮಗಳೂ ಸೇರಿಕೊಂಡವು. ೨೦೨೫ರ ವಿಂಗಡಣೆಯು ಈ ಚಲನೆಯನ್ನು ತಿರುಗಿಸಿದೆ. ಸಮನ್ವಯಕ್ಕಾಗಿ ಗ್ರೇಟರ್ ಬೆಂಗಳೂರು ಪ್ರಾಧಿಕಾರವು ಅಸ್ತಿತ್ವದಲ್ಲಿದೆಯಾದರೂ, ಗಡಿಬೀದಿಯ ಎರಡು ಬದಿಗಳ ಆರೋಗ್ಯ ಕಾರ್ಯಕರ್ತೆಯರು ಪರಸ್ಪರರ ದಾಖಲೆಯನ್ನು ನೋಡುವಂತಾದಾಗಲೇ ಆ ಸಮನ್ವಯ ಸಾರ್ಥಕವಾಗುತ್ತದೆ.

ಸಣ್ಣ ಆಡಳಿತ ಘಟಕಗಳು ಜನರಿಗೆ ಹತ್ತಿರವಾಗಿರುತ್ತವೆ ಎಂಬುದನ್ನು ಅಲ್ಲಗಳೆಯಲಾಗದು. ಅಧಿಕಾರವನ್ನು ಹಂಚಿದಂತೆ ಹೊಣೆಯನ್ನೂ ಹಂಚಿ, ಸುದ್ದಿಯನ್ನು ಮಾತ್ರ ಅವಿಭಜಿತವಾಗಿ ಉಳಿಸಿಕೊಂಡರೆ ಅವು ರೋಗದ ಮುಂದೆಯೂ ಸಮರ್ಥವಾಗಬಲ್ಲವು. ಇಲ್ಲವಾದರೆ ನಾವು ಮಾರಿಯನ್ನು ನೆರೆಯ ಎಲ್ಲೆಗೆ ಸಾಗಿಸಿ ನಿಶ್ಚಿಂತರಾಗುವ ಹಳೆಯ ಆಚರಣೆಯನ್ನೇ ಕಡತಗಳ ಮೂಲಕ ಮುಂದುವರಿಸಿದಂತಾಗುತ್ತದೆ. ಆ ಆಚರಣೆಯಲ್ಲಿ ಕೊನೆಯ ಊರು ಯಾವುದೆಂಬ ಪ್ರಶ್ನೆಗೆ ಎಂದೂ ಉತ್ತರ ದೊರೆತಿರಲಿಲ್ಲ.