ಉತ್ಸಾಹ ಬತ್ತದಂತೆ

ಶಾಲೆಯ ಬಾಗಿಲು ತೆರೆಯುವ ಜೂನ್ ತಿಂಗಳಿನಲ್ಲಿ ವಿದ್ಯಾರ್ಥಿಗಳ ಮನಸ್ಸು ಮುಂಗಾರಿನ ಹೊಲದಂತೆ ಹಸಿಯಾಗಿರುತ್ತದೆ. ಹೊಸ ಪುಸ್ತಕಗಳಿಗೆ ಹೊದಿಕೆ ಹಾಕುವಾಗಿನ ಶ್ರದ್ಧೆಯಲ್ಲಾಗಲಿ, ವೇಳಾಪಟ್ಟಿಯನ್ನು ಬರೆದು ಗೋಡೆಗೆ ಅಂಟಿಸುವಾಗಿನ ಸಂಕಲ್ಪದಲ್ಲಾಗಲಿ ಯಾವ ಕೊರತೆಯೂ ಕಾಣುವುದಿಲ್ಲ. ಆದರೆ ಅರ್ಧವಾರ್ಷಿಕ ಪರೀಕ್ಷೆಯ ಅಂಕಗಳು ತಿಳಿದ ಮೇಲೆ ಅನೇಕರ ಉತ್ಸಾಹವು ಇಳಿಮುಖವಾಗುತ್ತದೆ. ಗಣಿತದಲ್ಲಿ ನೂರಕ್ಕೆ ಹದಿನೆಂಟು ಅಂಕ ಪಡೆದ ಬಾಲಕನು, ಈ ವಿದ್ಯೆ ತನ್ನ ಹಣೆಯಲ್ಲಿ ಬರೆದಿಲ್ಲವೆಂದು ಪುಸ್ತಕವನ್ನು ಮುಚ್ಚಿಡುತ್ತಾನೆ. ಅವನು ತನ್ನ ಮನೆತನದಲ್ಲಿ ಮೊಟ್ಟಮೊದಲು ಹತ್ತನೆಯ ತರಗತಿಯ ಮೆಟ್ಟಿಲೇರಿದವನಾಗಿದ್ದರೆ, ಹಾಗೆ ಮುಚ್ಚಿದ್ದು ಒಂದು ಪುಸ್ತಕ ಮಾತ್ರವಲ್ಲ. ಒಂದು ಮನೆತನಕ್ಕೆ ತೆರೆದಿದ್ದ ಹೊಸ ದಾರಿಯೂ ಅದರೊಡನೆ ಮುಚ್ಚಿಹೋಗಬಹುದು.

ಉತ್ಸಾಹವು ಹುಟ್ಟಿನಿಂದ ಬರುವ ಭಾಗ್ಯವೆಂದು ಕೆಲವರು ತಿಳಿದಿರುತ್ತಾರೆ. ಮತ್ತೆ ಕೆಲವರು ಅದನ್ನು ಹಿರಿಯರ ಭಾಷಣಗಳಲ್ಲಿ ಹುಡುಕುತ್ತಾರೆ. ಬೆಳಿಗ್ಗೆ ಕೇಳಿದ ಭಾಷಣದ ಕಾವು ಸಂಜೆಯ ಅಭ್ಯಾಸದ ವೇಳೆಗೆ ಆರಿರುವುದು ಎಲ್ಲರ ಅನುಭವ. ನಿಜವಾಗಿ ಉತ್ಸಾಹವು ಕೆಲಸಕ್ಕೆ ಮೊದಲು ಬಂದು ಕಾಯುತ್ತಿರುವ ಅತಿಥಿಯಲ್ಲ; ಕೆಲಸದ ಜೊತೆಯಲ್ಲಿಯೇ ದಿನದಿನವೂ ಬೆಳೆಸಬೇಕಾದ ಬೆಳೆ. ಆ ಬೆಳೆಗೆ ಮೂರು ಆಸರೆಗಳುಂಟು: ಕೈಗೆಟುಕುವ ಸಣ್ಣ ಗುರಿ, ಒಳಿತನ್ನು ಗುರುತಿಸುವ ದೃಷ್ಟಿ ಮತ್ತು ಉಪಕಾರಸ್ಮರಣೆ.

ಮೊದಲನೆಯದಾಗಿ ಸಣ್ಣ ಗುರಿಯ ವಿಚಾರ. ಅಮೆರಿಕದ ಮನಶ್ಶಾಸ್ತ್ರಜ್ಞರಾದ ಆಲ್ಬರ್ಟ್ ಬಂಡೂರ ಮತ್ತು ಡೇಲ್ ಶಂಕ್ ಅವರು ೧೯೮೧ರಲ್ಲಿ ಒಂದು ಪ್ರಯೋಗದ ವರದಿಯನ್ನು ಪ್ರಕಟಿಸಿದರು. ಗಣಿತದಲ್ಲಿ ಬಹಳ ಹಿಂದುಳಿದಿದ್ದ, ಆ ವಿಷಯದಲ್ಲಿ ಆಸಕ್ತಿಯನ್ನೇ ಕಳೆದುಕೊಂಡಿದ್ದ ಮಕ್ಕಳಿಗೆ ವ್ಯವಕಲನದ ಲೆಕ್ಕಗಳಿದ್ದ ೪೨ ಪುಟಗಳನ್ನು ಕೊಡಲಾಯಿತು. ಅವುಗಳನ್ನು ಮಾಡಲು ಏಳು ಅವಧಿಗಳಿದ್ದವು. ಒಂದು ಗುಂಪಿಗೆ ಏಳು ಅವಧಿಗಳ ಕೊನೆಗೆ ೪೨ ಪುಟಗಳನ್ನು ಮುಗಿಸುವ ಗುರಿಯನ್ನು ಸೂಚಿಸಿದರು. ಇನ್ನೊಂದು ಗುಂಪಿಗೆ ಅವಧಿಗೆ ಆರು ಪುಟಗಳ ಗುರಿಯನ್ನು ಸೂಚಿಸಿದರು. ಮತ್ತೊಂದು ಗುಂಪಿಗೆ ಯಾವ ಗುರಿಯನ್ನೂ ಹೇಳಲಿಲ್ಲ. ಆರನ್ನು ಏಳರಿಂದ ಗುಣಿಸಿದರೆ ಬರುವುದೂ ನಲವತ್ತೆರಡೇ. ಲೆಕ್ಕದಲ್ಲಿ ಎರಡು ಗುರಿಗಳೂ ಒಂದೇ ಆಗಿದ್ದರೂ ಫಲದಲ್ಲಿ ಬಹಳ ಅಂತರ ಕಂಡುಬಂದಿತು. ಆರು ಪುಟಗಳ ಗುರಿಯವರು ಬೇಗನೆ ಮುಂದುವರಿದರು. ತಮ್ಮಿಂದ ಸಾಧ್ಯವೆಂಬ ನಂಬಿಕೆಯನ್ನು ಪಡೆದರು. ಮೊದಲು ಬೇಸರ ತರಿಸುತ್ತಿದ್ದ ಲೆಕ್ಕದಲ್ಲಿಯೇ ಆಸಕ್ತಿಯನ್ನು ಬೆಳೆಸಿಕೊಂಡರು. ದೂರದ ಗುರಿಯವರಿಗಾದರೋ, ಗುರಿಯೇ ಇಲ್ಲದವರಿಗಿಂತ ಹೇಳಿಕೊಳ್ಳುವಂತಹ ಲಾಭವೇನೂ ಆಗಲಿಲ್ಲ.

ಇದರ ಕಾರಣವು ಸ್ಪಷ್ಟವಾಗಿದೆ. ದೂರದ ಗುರಿಯು ಪ್ರತಿದಿನವೂ ಇನ್ನೂ ಉಳಿದಿರುವುದನ್ನೇ ತೋರಿಸುತ್ತದೆ. ಹತ್ತಿರದ ಗುರಿಯು ಆಗಿರುವುದನ್ನು ತೋರಿಸುತ್ತದೆ. ಮನುಷ್ಯನಿಗೆ ತನ್ನ ಮೇಲೆ ನಂಬಿಕೆ ಹುಟ್ಟುವುದು ಇತರರ ಹೊಗಳಿಕೆಯಿಂದ ಅಷ್ಟಾಗಿ ಅಲ್ಲ, ತಾನೇ ಮಾಡಿ ಮುಗಿಸಿದ ಕೆಲಸದಿಂದ. ಹನಿ ಹನಿ ಕೂಡಿದರೆ ಹಳ್ಳ, ತೆನೆ ತೆನೆ ಕೂಡಿದರೆ ಬಳ್ಳ ಎಂಬ ಗಾದೆಯನ್ನು ಹಿರಿಯರು ಸಂಗ್ರಹಕ್ಕೆ ಅನ್ವಯಿಸಿ ಹೇಳಿದರೂ ಅದು ವಿದ್ಯೆಗೂ ಅಷ್ಟೇ ಸಲ್ಲುತ್ತದೆ.

ಎರಡನೆಯದು ಒಳಿತನ್ನು ಗುರುತಿಸುವ ದೃಷ್ಟಿ. ಹತ್ತು ಲೆಕ್ಕಗಳಲ್ಲಿ ಏಳು ತಪ್ಪಾದಾಗ ಮನಸ್ಸು ಆ ಏಳನ್ನೇ ಹಿಡಿದು ಕೊರಗುವುದು ಸಹಜ. ಸರಿಯಾದ ಮೂರನ್ನು ಮಾಡಿದ ಕ್ರಮವಾವುದೆಂದು ನೋಡುವವನಿಗೆ ಉಳಿದವನ್ನು ತಿದ್ದಿಕೊಳ್ಳುವ ದಾರಿಯೂ ಕಾಣುತ್ತದೆ. ಆದರೆ ಈ ದೃಷ್ಟಿಯು ಬರಿಯ ಹಗಲುಗನಸಲ್ಲ. ಗೇಬ್ರಿಯೆಲೆ ಓಟಿಂಗೆನ್ ಮತ್ತು ಡೋರಿಸ್ ಮೇಯರ್ ಎಂಬ ವಿದ್ವಾಂಸರು ೨೦೦೨ರಲ್ಲಿ ಪ್ರಕಟಿಸಿದ ಅಧ್ಯಯನವೊಂದರಲ್ಲಿ ಉದ್ಯೋಗವನ್ನು ಅರಸುತ್ತಿದ್ದ ಪದವೀಧರರನ್ನು ಎರಡು ವರ್ಷಗಳ ಅನಂತರ ಮತ್ತೆ ವಿಚಾರಿಸಲಾಯಿತು. ಉದ್ಯೋಗ ದೊರೆತಂತೆ ಹೆಚ್ಚು ಹೆಚ್ಚಾಗಿ ಸುಖಸ್ವಪ್ನ ಕಾಣುತ್ತಿದ್ದವರಿಗೆ ಬಂದ ಅವಕಾಶಗಳೂ ಕಡಿಮೆ, ಸಂಬಳವೂ ಕಡಿಮೆಯಾಗಿದ್ದವು. ಫಲವನ್ನು ಕಲ್ಪನೆಯಲ್ಲಿಯೇ ಉಂಡವನಿಗೆ ಬಿತ್ತುವ ಅವಸರ ಇರುವುದಿಲ್ಲ. ಆದುದರಿಂದ ಒಳಿತನ್ನು ನೋಡುವುದೆಂದರೆ ಇಲ್ಲದುದನ್ನು ಇದೆಯೆಂದು ಭಾವಿಸುವುದಲ್ಲ. ನಿಜವಾಗಿ ಇರುವುದನ್ನು ಗಮನಿಸಿ ಅದರ ಮೇಲೆ ಕಟ್ಟುವುದು.

ಮೂರನೆಯದು ಉಪಕಾರಸ್ಮರಣೆ. ಇದು ಕೇವಲ ಸಭ್ಯತೆಯ ಮಾತೆಂದು ತಿಳಿಯಬಾರದು. ರಾಬರ್ಟ್ ಎಮನ್ಸ್ ಮತ್ತು ಮೈಕೇಲ್ ಮೆಕಲ್ಲೋ ಎಂಬ ಅಮೆರಿಕದ ಮನಶ್ಶಾಸ್ತ್ರಜ್ಞರು ೨೦೦೩ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಕಾಲೇಜು ವಿದ್ಯಾರ್ಥಿಗಳ ಒಂದು ಗುಂಪಿಗೆ, ಆ ವಾರದಲ್ಲಿ ಕೃತಜ್ಞರಾಗಿರಬೇಕಾದ ಐದು ಸಂಗತಿಗಳವರೆಗೆ ಬರೆಯಲು ಹೇಳಲಾಯಿತು. ಇನ್ನೊಂದು ಗುಂಪಿನವರು ಆ ವಾರದ ಕಿರಿಕಿರಿಗಳನ್ನು ಬರೆದರು. ವಾರಗಳು ಕಳೆದಂತೆ ಮೊದಲನೆಯ ಗುಂಪಿನವರು ತಮ್ಮ ಬದುಕಿನ ಬಗೆಗೆ ಹೆಚ್ಚು ಸಮಾಧಾನವನ್ನೂ ಮುಂದಿನ ವಾರದ ಬಗೆಗೆ ಹೆಚ್ಚು ಭರವಸೆಯನ್ನೂ ತೋರಿಸಿದರು. ವ್ಯಾಯಾಮಕ್ಕೂ ಹೆಚ್ಚು ಸಮಯ ಕೊಟ್ಟರು. ಅನಂತರದ ಅಧ್ಯಯನಗಳು ಈ ಪರಿಣಾಮವು ಮಿತವಾದುದೆಂದು ತೋರಿಸಿವೆ. ಕೃತಜ್ಞತೆಯು ಸಕಲ ರೋಗಗಳಿಗೂ ಮದ್ದಲ್ಲ. ಆದರೂ ತನ್ನ ಓದಿನ ಹಿಂದೆ ಎಷ್ಟು ಕೈಗಳ ದುಡಿಮೆಯಿದೆಯೆಂಬುದನ್ನು ನೆನೆಯುವ ವಿದ್ಯಾರ್ಥಿಯು ತಾನು ಒಂಟಿಯೆಂಬ ಭಾವವನ್ನು ನೀಗಿಕೊಳ್ಳುತ್ತಾನೆ. ಉಪ್ಪಿಟ್ಟವರನ್ನು ಮುಪ್ಪಿನ ತನಕ ನೆನೆ ಎಂಬ ಹಳೆಯ ಮಾತಿನಲ್ಲಿ ನೆನೆಯುವವನ ಹಿತವೂ ಅಡಗಿದೆ.

ಈ ಮೂರು ಆಸರೆಗಳೂ ಒಂದೇ ಬಾಳಿನಲ್ಲಿ ಕೂಡಿಬಂದುದನ್ನು ಹೆಲೆನ್ ಕೆಲರ್ ಅವರ ಚರಿತ್ರೆಯಲ್ಲಿ ಕಾಣಬಹುದು. ೧೮೮೦ರಲ್ಲಿ ಅಮೆರಿಕದ ಅಲಬಾಮ ಪ್ರಾಂತದಲ್ಲಿ ಜನಿಸಿದ ಅವರು ಹತ್ತೊಂಬತ್ತು ತಿಂಗಳ ಶಿಶುವಾಗಿದ್ದಾಗ ಕಾಯಿಲೆಯಿಂದ ದೃಷ್ಟಿಯನ್ನೂ ಶ್ರವಣವನ್ನೂ ಕಳೆದುಕೊಂಡರು. ೧೮೮೭ರ ಮಾರ್ಚ್ ೩ರಂದು ಆನ್ ಸಲಿವನ್ ಎಂಬ ಇಪ್ಪತ್ತು ವರ್ಷದ ಶಿಕ್ಷಕಿ ಆ ಮನೆಗೆ ಬಂದರು. ಆ ಶಿಕ್ಷಕಿಯ ಕಣ್ಣುಗಳೂ ದುರ್ಬಲವಾಗಿದ್ದವು. ಬಾಲಕಿಯ ಅಂಗೈಯಲ್ಲಿ ಬೆರಳುಗಳಿಂದ ಒಂದೊಂದೇ ಅಕ್ಷರವನ್ನು ಮೂಡಿಸುತ್ತ ಅವರು ಪಾಠ ಆರಂಭಿಸಿದರು. ಸುಮಾರು ಒಂದು ತಿಂಗಳ ಬಳಿಕ ನೀರಿನ ಪಂಪಿನ ಬಳಿ, ಒಂದು ಕೈಯ ಮೇಲೆ ನೀರು ಸುರಿಯುತ್ತಿರುವಾಗ ಇನ್ನೊಂದು ಕೈಯಲ್ಲಿ ಅದರ ಹೆಸರು ಮೂಡಿದಾಗ, ಪ್ರತಿಯೊಂದು ವಸ್ತುವಿಗೂ ಒಂದು ಹೆಸರಿದೆಯೆಂಬುದು ಆ ಮಗುವಿಗೆ ಹೊಳೆಯಿತು.

ಮುಂದೆ ಕಾಲೇಜಿನ ಪ್ರವೇಶಕ್ಕೆ ಸಿದ್ಧರಾಗುವಾಗ ಅವರನ್ನು ಹೆಚ್ಚು ಕಾಡಿದ ವಿಷಯ ಗಣಿತವೇ. ರೇಖಾಗಣಿತದ ಆಕೃತಿಗಳನ್ನು ಕಾಣಲಾರದ ಅವರು ದಿಂಬಿನ ಮೇಲೆ ನೇರವಾದ ಹಾಗೂ ಬಾಗಿದ ತಂತಿಗಳನ್ನು ಚುಚ್ಚಿ, ಕೈಯಿಂದ ಮುಟ್ಟಿ ಅವುಗಳನ್ನು ಅರಿಯಬೇಕಾಯಿತು. ೧೮೯೮ರಿಂದ ಅವರಿಗೆ ಪಾಠ ಹೇಳಿದ ಕೀತ್ ಎಂಬ ಶಿಕ್ಷಕರು ಕಠಿಣವಾದ ಲೆಕ್ಕಗಳನ್ನು ಅವರ ಬುದ್ಧಿಗೆ ನಿಲುಕುವಷ್ಟು ಚಿಕ್ಕದಾಗಿ ಮಾಡಿಕೊಟ್ಟರೆಂದು ಅವರೇ ಆತ್ಮಕಥೆಯಲ್ಲಿ ನೆನೆದಿದ್ದಾರೆ. ೧೯೦೪ರಲ್ಲಿ ಅವರು ರ‍್ಯಾಡ್‌ಕ್ಲಿಫ್ ಕಾಲೇಜಿನಿಂದ ಪದವಿಯನ್ನು ಪಡೆದರು. ತರಗತಿಗಳಲ್ಲಿ ಸಲಿವನ್ ಅವರು ಪಕ್ಕದಲ್ಲಿ ಕುಳಿತು ಪಾಠಗಳನ್ನು ಅಂಗೈಯಲ್ಲಿ ಬರೆಯುತ್ತಿದ್ದರು. ಆ ಗುರು ಬಂದ ದಿನವೇ ತಮ್ಮ ಬಾಳಿನ ಅತ್ಯಂತ ಮಹತ್ವದ ದಿನವೆಂದು ಕೆಲರ್ ಭಾವಿಸಿದರು. ಗುರುವು ೧೯೩೬ರಲ್ಲಿ ತೀರಿಕೊಂಡ ಮೇಲೂ ಆ ಋಣವನ್ನು ಮರೆಯದೆ ೧೯೫೫ರಲ್ಲಿ ಅವರನ್ನು ಕುರಿತೇ ಒಂದು ಗ್ರಂಥವನ್ನು ಪ್ರಕಟಿಸಿದರು. ಹಾಗೆಂದು ತಮ್ಮ ಒಂಟಿತನದ ನೋವನ್ನು ಅವರು ಮುಚ್ಚಿಡಲಿಲ್ಲ. ಆತ್ಮಕಥೆಯಲ್ಲಿ ಅದನ್ನೂ ಬರೆದಿದ್ದಾರೆ. ನೋವನ್ನು ಒಪ್ಪಿಕೊಂಡೂ ದೊರೆತುದನ್ನು ಎಣಿಸುವುದು ಸಾಧ್ಯವೆಂಬುದಕ್ಕೆ ಅವರ ಬಾಳೇ ಸಾಕ್ಷಿ.

ಈ ಅಭ್ಯಾಸಕ್ಕೆ ಖರ್ಚೇನೂ ಇಲ್ಲ. ರಾತ್ರಿ ಮಲಗುವ ಮುನ್ನ ನೋಟುಪುಸ್ತಕದಲ್ಲಿ ಮೂರು ಸಾಲುಗಳನ್ನು ಬರೆದರೆ ಸಾಕು. ಇಂದು ಯಾರಿಂದ ಯಾವ ಉಪಕಾರವಾಯಿತು ಎಂಬುದು ಮೊದಲನೆಯ ಸಾಲು. ಇಂದು ಸರಿಯಾಗಿ ಆದುದೇನು ಎಂಬುದು ಎರಡನೆಯದು. ನಾಳೆ ಮಾಡಬೇಕಾದ ಒಂದು ಕೆಲಸವಾವುದು ಎಂಬುದು ಮೂರನೆಯದು. ಮೂರನೆಯ ಸಾಲಿನಲ್ಲಿ ‘ಗಣಿತವನ್ನು ಓದುವುದು’ ಎಂದು ಬರೆದರೆ ಪ್ರಯೋಜನವಿಲ್ಲ. ‘ಬೆಳಿಗ್ಗೆ ಊಟದ ಗಂಟೆಗೆ ಮೊದಲು ಐದು ಲೆಕ್ಕ’ ಎಂದಿರಬೇಕು. ಒಂದು ದಿನ ತಪ್ಪಿದರೆ ಮರುದಿನ ಮುಂದುವರಿಸಬೇಕೇ ಹೊರತು ತಪ್ಪಿದ ದಿನಕ್ಕಾಗಿ ಕೊರಗಬಾರದು.

ಇಲ್ಲಿ ಒಂದು ಎಚ್ಚರಿಕೆ ಅವಶ್ಯ. ಹಸಿವು, ಅನಾರೋಗ್ಯ, ಮನೆಯ ಕಷ್ಟ, ವಾರಗಟ್ಟಲೆ ಬಿಡದ ಮನದ ದುಗುಡ, ಇವುಗಳನ್ನು ಕೃತಜ್ಞತೆಯ ಹೆಸರಿನಲ್ಲಿ ನುಂಗಿಕೊಳ್ಳಬಾರದು. ಅವುಗಳನ್ನು ಗುರುಗಳಿಗೋ ಹೆತ್ತವರಿಗೋ ತಿಳಿಸುವುದೇ ವಿವೇಕ. ಬೇಕಾದರೆ ವೈದ್ಯರ ನೆರವನ್ನು ಪಡೆಯುವುದರಲ್ಲಿಯೂ ಸಂಕೋಚವಿರಬಾರದು. ಹಾಗೆಯೇ ಹದಿನೆಂಟು ಅಂಕದ ಬಾಲಕನಿಗೆ ನಲವತ್ತೆರಡು ಪುಟಗಳ ಬದಲು ಆರು ಪುಟಗಳನ್ನು ತೋರಿಸುವುದು ಅಧ್ಯಾಪಕರ ಹೊಣೆಯೂ ಹೌದು.

ಮುಚ್ಚಿಟ್ಟ ಪುಸ್ತಕವನ್ನು ಮತ್ತೆ ತೆರೆಯಲು ಮಹಾಸಂಕಲ್ಪವೇನೂ ಬೇಕಾಗಿಲ್ಲ. ಇಂದಿನ ಐದು ಲೆಕ್ಕಗಳನ್ನು ಇಂದೇ ಮುಗಿಸಿದವನಿಗೆ ನಾಳೆಯ ಉತ್ಸಾಹವು ಆ ಲೆಕ್ಕಗಳಿಂದಲೇ ಬರುತ್ತದೆ.