ಮನೆಯೊಳಗೂ ಹೊರಗೂ ಒಪ್ಪುವ ‘ಟಿ’ ಗಿಡ

ಹೂವಿನ ಹಂಗಿಲ್ಲದೆ ಎಲೆಯ ಬಣ್ಣದಿಂದಲೇ ಮನೆಯ ಮುಂಭಾಗಕ್ಕೆ ಶೋಭೆ ತರುವ ಗಿಡಗಳು ಕೆಲವುಂಟು. ‘ಟಿ’ ಗಿಡ ಅಂಥವುಗಳಲ್ಲೊಂದು. ಹೆಸರನ್ನು ಕೇಳಿ ಇದು ಚಹದ ಗಿಡವೆಂದು ವಾಚಕರು ಭ್ರಮಿಸಬಾರದು. ಅದಕ್ಕೂ ಇದಕ್ಕೂ ಯಾವ ನಂಟೂ ಇಲ್ಲ. ಸಸ್ಯಶಾಸ್ತ್ರಜ್ಞರು ಇದನ್ನು ಕಾರ್ಡಿಲೈನ್ ಫ್ರುಟಿಕೋಸ ಎಂದು ಕರೆದು, ನಮ್ಮ ಶತಾವರಿಯ ಕುಟುಂಬದಲ್ಲಿ ಸೇರಿಸಿದ್ದಾರೆ. ನರ್ಸರಿಗಳಲ್ಲಿ ಇದನ್ನು ಡ್ರಸೀನವೆಂದು ಮಾರುವುದೂ ಉಂಟು. ಸಂದೇಹ ಬಂದರೆ ಕುಂಡ ಬದಲಿಸುವಾಗ ಬೇರನ್ನು ನೋಡಬೇಕು: ಬೆಳ್ಳಗಿದ್ದರೆ ಟಿ, ಹಳದಿ ಅಥವಾ ಕಿತ್ತಳೆಯ ಬಣ್ಣವಿದ್ದರೆ ಡ್ರಸೀನ.

ಪೆಸಿಫಿಕ್ ಸಾಗರದ ದ್ವೀಪವಾಸಿಗಳಿಗೆ ಈ ಗಿಡ ಕೇವಲ ಅಲಂಕಾರದ ವಸ್ತುವಲ್ಲ. ದೋಣಿಗಳಲ್ಲಿ ಹವಾಯಿಗೆ ಬಂದು ನೆಲೆಸಿದ ಪಾಲಿನೇಷ್ಯನರು ತಮ್ಮೊಡನೆ ತಂದ ಸಸ್ಯಗಳಲ್ಲಿ ಇದೂ ಒಂದು. ನಮ್ಮ ಕರಾವಳಿಯ ಗೃಹಿಣಿಯರು ಹಲಸಿನೆಲೆಯ ಕೊಟ್ಟೆಯಲ್ಲಿ, ಬಾಳೆಯ ಎಲೆಯಲ್ಲಿ ಹಿಟ್ಟನ್ನಿಟ್ಟು ಬೇಯಿಸುವಂತೆ ಅಲ್ಲಿಯವರು ಮೀನು ಮಾಂಸಗಳನ್ನು ಟಿ ಎಲೆಯಲ್ಲಿ ಸುತ್ತಿ ಬೇಯಿಸುತ್ತಾರೆ. ಮಳೆಗೆ ಹೊದೆಯುವ ಗೊರಬಿಗೂ ಕಾಲಿನ ಪಾದರಕ್ಷೆಗೂ ಇದೇ ಎಲೆ ಒದಗುತ್ತಿತ್ತು. ಇದರ ಗೆಡ್ಡೆಯನ್ನು ನೆಲದೊಲೆಯಲ್ಲಿ ಬೇಯಿಸಿದರೆ ಬೆಲ್ಲದಂತೆ ಸಿಹಿಯಾಗುತ್ತದೆ. ದುಷ್ಟಶಕ್ತಿಗಳನ್ನು ದೂರವಿಡುವುದೆಂಬ ನಂಬಿಕೆಯಿಂದ ಮನೆಯ ಸುತ್ತ ಇದನ್ನು ನೆಡುವ ಪದ್ಧತಿ ಅಲ್ಲಿ ಇಂದಿಗೂ ಇದೆ. ಹವಾಯಿಯ ಆ ಹಸಿರು ತಳಿಯಲ್ಲಿ ಬೀಜ ಕಟ್ಟುವುದಿಲ್ಲವೆಂಬುದು ಕುತೂಹಲದ ಸಂಗತಿ. ಅಷ್ಟು ದೊಡ್ಡ ಸಾಗರವನ್ನು ಈ ಗಿಡ ದಾಟಿದ್ದು ಮನುಷ್ಯನ ಕೈಯಲ್ಲಿದ್ದ ತುಂಡುಗಳ ರೂಪದಲ್ಲಿಯೇ!

ಮನೆಯೊಳಗಿಡುವವರು ಮೊದಲು ಗಮನಿಸಬೇಕಾದುದು ಬೆಳಕನ್ನು. ಸೋಫಾದ ಹಿಂದಿನ ಕತ್ತಲೆಯ ಮೂಲೆಯಲ್ಲಿಟ್ಟು, ಕೆಂಪು ಮಾಸಿತೆಂದು ಗಿಡವನ್ನು ದೂರುವುದು ನ್ಯಾಯವಲ್ಲ. ಪೂರ್ವದ ಕಿಟಕಿಯ ಎಳೆಬಿಸಿಲು ಇದಕ್ಕೆ ಹಿತ. ನಡುಹಗಲಿನ ಬಿಸಿಲು ಎಲೆಯನ್ನು ಸುಡುತ್ತದೆ. ಹೊರಗೆ ನೆಡುವುದಾದರೆ ಮಲೆನಾಡು, ಕರಾವಳಿಗಳ ತೇವದ ಹವೆಯಲ್ಲಿ ಇದು ಆಳೆತ್ತರವನ್ನೂ ಮೀರಿ ಬೆಳೆಯಬಲ್ಲದು. ಬಯಲುಸೀಮೆಯ ಒಣಗಾಳಿಯಲ್ಲಿ ಮಾತ್ರ ಮರದ ನೆರಳಿನ ಆಸರೆ ಬೇಕೇ ಬೇಕು.

ಇನ್ನು ನೀರಿನ ವಿಚಾರ. ಎಲೆಯ ತುದಿಯೂ ಅಂಚೂ ಕಂದುಬಣ್ಣಕ್ಕೆ ತಿರುಗಿ ಒಣಗತೊಡಗಿದೊಡನೆ, ನೀರು ಸಾಲದಾಯಿತೆಂದು ಇನ್ನೊಂದು ಚೊಂಬು ಸುರಿಯುವವರೇ ಹೆಚ್ಚು. ಒಣಹವೆಯಿಂದಲೂ ಹೀಗಾಗಬಹುದು; ಆದರೆ ಅನೇಕ ವೇಳೆ ನಿಜವಾದ ಅಪರಾಧಿ ನೀರಿನಲ್ಲಿ ಕರಗಿರುವ ಫ್ಲೋರೈಡು. ಈ ಲವಣವನ್ನು ಸಹಿಸಲಾರದ ಗಿಡಗಳಲ್ಲಿ ಟಿ ಪ್ರಮುಖವಾದುದು. ಬೇರು ಹೀರಿದ ಫ್ಲೋರೈಡು ನೀರಿನೊಡನೆ ಮೇಲೇರಿ, ನೀರು ಆವಿಯಾಗುವ ಎಲೆಯಂಚಿನಲ್ಲಿ ಉಳಿದು, ಅಲ್ಲಿಯ ಜೀವಕೋಶಗಳನ್ನು ಕೊಲ್ಲುತ್ತದೆ. ನೀರನ್ನು ಹೆಚ್ಚಿಸಿದಷ್ಟೂ ವಿಷವನ್ನು ಹೆಚ್ಚಿಸಿದಂತಾಯಿತಲ್ಲವೆ? ಕೋಲಾರ, ಚಿಕ್ಕಬಳ್ಳಾಪುರ, ಪಾವಗಡದ ಕಡೆಯ ಅನೇಕ ಕೊಳವೆಬಾವಿಗಳಲ್ಲಿ ಈ ಲವಣ ಹೆಚ್ಚಾಗಿರುವುದು ಎಲ್ಲರಿಗೂ ತಿಳಿದ ಮಾತೇ. ನೀರನ್ನು ರಾತ್ರಿಯೆಲ್ಲ ತೆರೆದಿಟ್ಟರೆ ಸರಿಹೋಗುವುದೆಂದು ಕೆಲವರು ಹೇಳುತ್ತಾರೆ. ಅದರಿಂದ ಕ್ಲೋರಿನ್ ಹೋದೀತು, ಫ್ಲೋರೈಡು ಹೋಗದು. ಕಾಯಿಸಿದರಂತೂ ನೀರು ಆವಿಯಾಗಿ ಅದು ಮತ್ತಷ್ಟು ಗಟ್ಟಿಯಾಗುತ್ತದೆ. ಮಾಳಿಗೆಯಿಂದ ಇಳಿಯುವ ಮಳೆಯ ನೀರನ್ನು ಹಿಡಿದಿಟ್ಟು ಹಾಕುವುದೇ ಉತ್ತಮ ಉಪಾಯ. ಸೂಪರ್ ಫಾಸ್ಫೇಟ್ ಗೊಬ್ಬರದಲ್ಲಿಯೂ ಫ್ಲೋರೈಡಿನ ಅಂಶವಿರುವುದರಿಂದ ಈ ಗಿಡಕ್ಕೆ ಅದು ಬೇಡ. ಒಮ್ಮೆ ಒಣಗಿದ ಅಂಚು ಮತ್ತೆ ಹಸಿರಾಗುವುದಿಲ್ಲ. ಹೊಸದಾಗಿ ಮೂಡುವ ಎಲೆಗಳು ಚೊಕ್ಕಟವಾಗಿದ್ದರೆ ಚಿಕಿತ್ಸೆ ಫಲಿಸಿತೆಂದು ತಿಳಿಯಬೇಕು.

ಮಣ್ಣು ನೀರನ್ನು ಬಸಿಯಬೇಕು. ಕೆಮ್ಮಣ್ಣು, ಎಲೆಗೊಬ್ಬರ, ಒರಟು ಮರಳು ಬೆರೆತರೆ ಸಾಕು. ಮೇಲಿನ ಮಣ್ಣು ಬೆರಳಿಗೆ ಒಣಗಿದಂತೆ ತೋರಿದಾಗ ನೀರು ಕೊಟ್ಟು, ಕುಂಡದ ಅಡಿಯ ತಟ್ಟೆಯಲ್ಲಿ ನಿಂತುದನ್ನು ಚೆಲ್ಲಿಬಿಡಬೇಕು. ಇಲ್ಲವಾದರೆ ಬೇರು ಕೊಳೆಯುತ್ತದೆ. ಬೇಸಗೆಯಲ್ಲಿ ಎಲೆಯ ಅಡಿಭಾಗಕ್ಕೆ ಕೆಂಪು ನುಸಿ ಹತ್ತುತ್ತದೆ. ಒದ್ದೆಬಟ್ಟೆಯಿಂದ ವಾರಕ್ಕೊಮ್ಮೆ ಎಲೆಯ ಎರಡೂ ಬದಿಗಳನ್ನು ಒರೆಸುವ ಮನೆಯಲ್ಲಿ ಅದರ ಹಾವಳಿ ಕಡಿಮೆ. ನಾಯಿ, ಬೆಕ್ಕುಗಳನ್ನು ಸಾಕಿದವರು ಕುಂಡವನ್ನು ಅವುಗಳ ಬಾಯಿಗೆ ಎಟುಕದಂತಿಡಬೇಕು. ಎಲೆಯನ್ನು ಜಗಿದರೆ ಅವಕ್ಕೆ ವಾಂತಿಯಾಗುವುದುಂಟು.

ವರ್ಷಗಳು ಕಳೆದಂತೆ ಕೆಳಗಿನ ಎಲೆಗಳು ಉದುರಿ, ಬರಿಯ ಕಾಂಡದ ತುದಿಯಲ್ಲಿ ಒಂದು ಕುಚ್ಚು ಮಾತ್ರ ಉಳಿಯುತ್ತದೆ. ಆಗ ಗಿಡವನ್ನು ಎಸೆಯಬಾರದು. ಮಳೆಗಾಲದ ಆರಂಭದಲ್ಲಿ ತುದಿಯನ್ನು ಕತ್ತರಿಸಿ ಒದ್ದೆ ಮರಳಿನಲ್ಲಿ ನೆಟ್ಟರೆ ಅದು ಬೇರೂರುತ್ತದೆ. ಉಳಿದ ಕಾಂಡವನ್ನು ಮೂರು ನಾಲ್ಕು ಅಂಗುಲದ ತುಂಡುಗಳನ್ನಾಗಿ ಮಾಡಿ, ಮರಳಿನಲ್ಲಿ ಅರ್ಧ ಹುದುಗುವಂತೆ ಅಡ್ಡಲಾಗಿ ಮಲಗಿಸಿ, ನೆರಳಿನಲ್ಲಿ ತೇವವನ್ನು ಕಾಯ್ದುಕೊಳ್ಳಬೇಕು. ಕೆಲವು ವಾರಗಳಲ್ಲಿ ಗೆಣ್ಣುಗಳಿಂದ ಮೊಳಕೆಗಳು ಏಳುತ್ತವೆ. ನಾಲ್ಕೈದು ಎಲೆಗಳಾದ ಮೇಲೆ ಅವನ್ನು ಬೇರ್ಪಡಿಸಿ ನೆಡಬಹುದು. ಕುಂಡದಲ್ಲಿ ಉಳಿದ ಮೋಟು ಸಹ ಬದಿಯಿಂದ ಚಿಗುರುತ್ತದೆ.