ಮೂರು ಆಲಮಟ್ಟಿಗೂ ಮಿಗಿಲಾದ ಅನಿಲ ಗಡಿ ದಾಟಿದಾಗ

ಆಲಮಟ್ಟಿ ಜಲಾಶಯ 519.6 ಮೀಟರ್‌ವರೆಗೆ ತುಂಬಿದರೆ 123 ಟಿಎಂಸಿ. ಹಳೇ ಬಾಗಲಕೋಟೆಯ ಓಣಿಗಳು ಹಿನ್ನೀರಿನಲ್ಲಿ ಮುಳುಗಿದ್ದನ್ನು ಕಂಡವರಿಗೆ ಆ ಅಂಕಿಯ ಭಾರ ಗೊತ್ತು. ಅಂಥ ಮೂರು ಆಲಮಟ್ಟಿ ತುಂಬಿ ಇನ್ನೂ ಉಳಿಯುವಷ್ಟು, ಅಂದರೆ 393 ಟಿಎಂಸಿ ನೈಸರ್ಗಿಕ ಅನಿಲ ಬಂಗಾಳ ಕೊಲ್ಲಿಯ ತಳದಡಿಯಲ್ಲಿ ಯಾರ ಕಣ್ಣಿಗೂ ಬೀಳದೆ ಗಡಿ ದಾಟಿತು.

ಕಾಕಿನಾಡ ಕರಾವಳಿಯಾಚೆ ಸರ್ಕಾರಿ ಸಂಸ್ಥೆ ಒಎನ್‌ಜಿಸಿಯ ಅನಿಲ ಬ್ಲಾಕ್‌ಗಳಿಗೆ ರಿಲಯನ್ಸ್‌ನ ಡಿ-6 ಬ್ಲಾಕ್ ಹೊಂದಿಕೊಂಡಿದೆ; ಅನಿಲ ದಾಟಿದ್ದು ಇವುಗಳ ನಡುವಿನ ಗಡಿಯನ್ನೇ. ಡಿ-6ರಲ್ಲಿ 2009ರ ಏಪ್ರಿಲ್‌ನಿಂದ ಅನಿಲ ಎತ್ತತೊಡಗಿದರು. ತನ್ನ ಅನಿಲ ಆಚೆ ಹೋಗುತ್ತಿದೆ ಎಂದು ಒಎನ್‌ಜಿಸಿ 2014ರಲ್ಲಿ ದೆಹಲಿ ಹೈಕೋರ್ಟ್ ಮೆಟ್ಟಿಲೇರಿತು. ಎರಡೂ ಕಡೆಯವರು ಒಪ್ಪಿ ನೇಮಿಸಿದ ಅಮೆರಿಕದ ತಜ್ಞ ಸಂಸ್ಥೆ ಡಿಗಾಲಿಯರ್ ಅಂಡ್ ಮ್ಯಾಕ್‌ನಾಟನ್ 2015ರಲ್ಲಿ ಲೆಕ್ಕ ಕೊಟ್ಟಿತು: ಆ ವರ್ಷದ ಮಾರ್ಚ್‌ವರೆಗೆ ದಾಟಿದ್ದು 1,112 ಕೋಟಿ ಘನ ಮೀಟರ್, ಅಂದರೆ ಅದೇ 393 ಟಿಎಂಸಿ.

ಇಷ್ಟು ಅನಿಲವನ್ನು ಬಾದಾಮಿ, ಹುನಗುಂದ, ಇಳಕಲ್ಲ ಸೇರಿದ ಇಡೀ ಬಾಗಲಕೋಟೆ ಜಿಲ್ಲೆಯ ಮೇಲೆ ಹರಡಿದರೆ ಐದೂವರೆ ಅಡಿ ಎತ್ತರ ನಿಲ್ಲುತ್ತದೆ. ಉರಿಸಿದರೆ ಸಿಗುವ ಶಾಖ ಸುಮಾರು 60 ಕೋಟಿ ಅಡುಗೆ ಸಿಲಿಂಡರ್‌ಗಳಿಗೆ ಸಮ.

ಕಲ್ಲಿನೊಳಗಿಂದ ಇಷ್ಟೊಂದು ಹೇಗೆ ಹರಿಯಿತು? ಬಾದಾಮಿ ಗುಹೆಯ ಗೋಡೆಗೆ ಮುಖವಿಟ್ಟು ನೋಡಿ. ಪದರದ ಮೇಲೆ ಪದರ, ಪ್ರತಿ ಪದರದಲ್ಲೂ ಮರಳಿನ ಕಣ. ಸಮುದ್ರದಡಿಯ ನಿಕ್ಷೇಪವೂ ಮರಳಿನದೇ; ಕಣಗಳ ನಡುವಿನ ಸಂದುಗಳಲ್ಲಿ ಅನಿಲ ಒತ್ತಡದಲ್ಲಿ ಕುಗ್ಗಿ ಕೂತಿರುತ್ತದೆ. ಒಂದು ಕಡೆ ಬಾವಿ ತೆರೆದರೆ ಅಲ್ಲಿ ಒತ್ತಡ ಇಳಿಯುತ್ತದೆ, ಸುತ್ತಲಿನ ಅನಿಲ ಅತ್ತ ಹೊರಡುತ್ತದೆ. ನಕ್ಷೆಯ ಗೆರೆ ಅದನ್ನು ತಡೆಯದು.

ಸಂವಿಧಾನದ 297ನೇ ವಿಧಿಯಂತೆ ಆ ಸಂಪತ್ತು ಕೇಂದ್ರ ಸರ್ಕಾರದ್ದು, ಅಂದರೆ ನಮ್ಮೆಲ್ಲರದು. ನ್ಯಾಯಮೂರ್ತಿ ಎ.ಪಿ. ಶಾ ಸಮಿತಿಯ ವರದಿಯ ಬಳಿಕ 2016ರಲ್ಲಿ ಕೇಂದ್ರ ರಿಲಯನ್ಸ್ ಕಡೆಯಿಂದ 155 ಕೋಟಿ ಡಾಲರ್ ಕೇಳಿತು. 2018ರಲ್ಲಿ ಮಧ್ಯಸ್ಥಿಕೆ ಮಂಡಳಿ ಕಂಪನಿಯ ಪರ ನಿಂತಿತು. 2023ರಲ್ಲಿ ಹೈಕೋರ್ಟ್‌ನ ಏಕಸದಸ್ಯ ಪೀಠ ಅದನ್ನೇ ಎತ್ತಿಹಿಡಿಯಿತು. 2025ರ ಫೆಬ್ರುವರಿಯಲ್ಲಿ ವಿಭಾಗೀಯ ಪೀಠ ಆ ಎರಡೂ ತೀರ್ಪುಗಳನ್ನು ರದ್ದು ಮಾಡಿದ ಮೇಲೆ ಬೇಡಿಕೆ 281 ಕೋಟಿ ಡಾಲರ್‌ಗೆ ಏರಿತು. ಈ ಬೇಡಿಕೆ ನಿಲ್ಲದು ಎಂಬುದು ಕಂಪನಿಯ ವಾದ.

ತೈಲ, ಅನಿಲ ಇರಬಹುದಾದ ದೇಶದ 26 ಜಲಜಶಿಲಾ ಬೇಸಿನ್‌ಗಳ ಸರ್ಕಾರಿ ಪಟ್ಟಿಯಲ್ಲಿ ನಮ್ಮ ಭಾಗದ ಭೀಮಾ-ಕಲಾದಗಿ ಹೆಸರೂ ಇದೆ. ಇಲ್ಲಿ ಲಾಭಕ್ಕೆ ಎತ್ತುವಂಥ ತೈಲ ಸಿಕ್ಕಿಲ್ಲ. ಆದರೆ ಆ 26 ಬೇಸಿನ್‌ಗಳ 33 ಲಕ್ಷ ಚದರ ಕಿಲೋಮೀಟರಿಗೂ ಪಾಠ ಒಂದೇ. ನೆರೆಯವರು ಬಾವಿ ಕೊರೆಯುವ ಮೊದಲೇ ಒತ್ತಡ ಅಳೆದು ದಾಖಲಿಸಬೇಕು. ನಿಕ್ಷೇಪ ಗಡಿ ದಾಟಿದ್ದರೆ ಒಂದೇ ಯೋಜನೆಯಡಿ ಎತ್ತಿ, ಪಾಲನ್ನು ಮೊದಲೇ ಬರೆದುಕೊಳ್ಳಬೇಕು. ಸಾರ್ವಜನಿಕ ಸ್ವತ್ತನ್ನು ಕಾಯಬೇಕಾದದ್ದು ಬಾವಿಯ ಬಾಯಲ್ಲಿ. ಕೋರ್ಟಿಗೆ ಬರುವಷ್ಟರಲ್ಲಿ ಅದು ಉರಿದು ಮುಗಿದಿರುತ್ತದೆ.